ಅಂಜನಪ್ಪನ ಅಗಲ ತೊಟ್ಟಿ

ಮಾವಳ್ಳಿಯ ಅಂಜನಪ್ಪನನ್ನು ಯಾರಾದರೂ "ನೀರಿನ ಕೆಲಸದವನು" ಅಂದರೆ ಅವನಿಗೆ ಮೂಗಿನ ತುದಿಗೇ ಕೋಪ ಬರುತ್ತಿತ್ತು. "ನೀರಿನ ಕೆಲಸ ನೀರೇ ಮಾಡ್ಕೊಳ್ತದೆ ಸ್ವಾಮಿ. ನಾನು ದಾರಿ ತೋರಿಸೋನು, ಅಷ್ಟೇ" ಅನ್ನುತ್ತಿದ್ದ. ಇಷ್ಟು ದೊಡ್ಡ ಮಾತನ್ನು ಸೈಕಲ್ಲಿನ ಕ್ಯಾರಿಯರಿಗೆ ಪೈಪು ಕಟ್ಟಿಕೊಂಡು, ಮೊಣಕಾಲು ಹರಿದ ಪ್ಯಾಂಟು ಹಾಕಿಕೊಂಡು ನಿಂತವನು ಹೇಳಿದರೆ ನಗು ಬಾರದೆ ಇರುತ್ತದೆಯೇ? ಬರುತ್ತಿತ್ತು. ಆದರೆ ಅವನು ಜೋಡಿಸಿದ ನಲ್ಲಿಯನ್ನು ಒಂದು ಸಲ ತಿರುಗಿಸಿದವರು ಆಮೇಲೆ ನಕ್ಕಿದ್ದಿಲ್ಲ.

ಅವನ ಅಪ್ಪ ಲಾಲ್‌ಬಾಗಿನಲ್ಲಿ ಪಾತಿಗಳಿಗೆ ನೀರು ತಿರುಗಿಸುವ ಕೆಲಸಕ್ಕಿದ್ದವನು. ಗುದ್ದಲಿಯಲ್ಲಿ ಎರಡು ಹಿಡಿ ಮಣ್ಣು ಆ ಕಡೆಯಿಂದ ಈ ಕಡೆಗೆ ಹಾಕಿದರೆ ನೀರು ಹೇಳಿದ ಮಾತು ಕೇಳುವುದನ್ನು ಅಂಜನಪ್ಪ ನಡೆಯಲು ಕಲಿಯುವ ಮೊದಲೇ ನೋಡಿದ್ದ. ಸ್ಕೂಲು ನಾಲ್ಕನೇ ಕ್ಲಾಸಿಗೆ ಮುಗಿಯಿತು. ಆಮೇಲೆ ಕಲಾಸಿಪಾಳ್ಯದ ಒಬ್ಬ ಮೇಸ್ತ್ರಿಯ ಹಿಂದೆ ಬಿದ್ದು ಪೈಪಿನ ತುದಿಗೆ ತಿರುಪಿನ ಮರೆ ಕೊರೆಯುವುದು, ಸೋರದ ಹಾಗೆ ಸೆಣಬು ಸುತ್ತುವುದು ಕಲಿತ. ಎಪ್ಪತ್ತೊಂಬತ್ತನೇ ಇಸವಿಯ ಹೊತ್ತಿಗೆ ಬಸವನಗುಡಿ, ಚಾಮರಾಜಪೇಟೆಯ ಅರ್ಧ ಮನೆಗಳ ಬಚ್ಚಲಿಗೆ ಅವನ ರೆಂಚು ತಾಗಿತ್ತು. ಅಷ್ಟು ಮನೆಗಳ ಬಚ್ಚಲು ಗೊತ್ತಿದ್ದವನಿಗೆ ಆ ಮನೆಗಳ ಊಟದ ಹಜಾರ ಹೇಗಿದೆಯೆಂದು ಗೊತ್ತಿರಲಿಲ್ಲ. ಕೆಲಸದವರು ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದ ಹೋಗುವ ಕಾಲ ಅದು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡವನಲ್ಲ ಅಂತ ಹೇಳಿಕೊಳ್ಳುತ್ತಿದ್ದ. ಹಚ್ಚಿಕೊಂಡಿದ್ದನೋ ಇಲ್ಲವೋ, ಅದು ಅವನಿಗೇ ಗೊತ್ತಿಲ್ಲದೆ ಅವನ ಲೆಕ್ಕದೊಳಗೆ ಸೇರಿಕೊಂಡಿತ್ತು.

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಗಿರಿಜಾಂಬಾ ಅನ್ನುವ ವಯಸ್ಸಾದ ಹೆಂಗಸಿನ ಸಣ್ಣ ಮದುವೆ ಛತ್ರವಿತ್ತು. ಗಂಡ ಕಟ್ಟಿಸಿ ಹೋದದ್ದು. ಛತ್ರದಲ್ಲಿ ಎಲ್ಲವೂ ಚೆನ್ನ, ಒಂದು ಬಿಟ್ಟು. ಊಟವಾದ ಮೇಲೆ ಕೈ ತೊಳೆಯಲು ನೀರು ಬರುತ್ತಿರಲಿಲ್ಲ. ನೀರು ಇಲ್ಲ ಅಂತಲ್ಲ. ಹಿತ್ತಲಲ್ಲಿ ನೆಲದಿಂದಲೇ ಎದ್ದು ನಿಂತ ಎಂಟಡಿ ಎತ್ತರದ ತೊಟ್ಟಿಯೊಂದಿತ್ತು. ಎರಡಡಿ ಅಗಲ, ಎಂಟಡಿ ಎತ್ತರ. ಬೀದಿಯವರೆಲ್ಲ ಅದನ್ನು ಗರುಡಗಂಬ ಅನ್ನುತ್ತಿದ್ದರು. ಗಿರಿಜಾಂಬಾ ಅವರ ಅಣ್ಣ ಶ್ರೀನಿವಾಸಯ್ಯ, ರಿಟೈರಾದ ಲೆಕ್ಕದ ಮೇಷ್ಟರು, ತಾವೇ ನಿಂತು ಕಟ್ಟಿಸಿದ್ದು ಅದು. ಅದರ ವಿಷಯ ಯಾರಾದರೂ ಎತ್ತಿದರೆ ಮೇಷ್ಟರ ಮುಖ ಗಂಟಿಕ್ಕುತ್ತಿತ್ತು.

ತೊಂದರೆ ಎಲ್ಲಿ ಅಂದರೆ, ಪಂಕ್ತಿಯಲ್ಲಿ. ನಮ್ಮ ಮದುವೆ ಊಟದಲ್ಲಿ ಮುಗಿದವರು ಮುಗಿದ ಹಾಗೆ ಎದ್ದು ಹೋಗುವಂತಿಲ್ಲ. ಪಕ್ಕದ ಎಲೆಯವರು ಇನ್ನೂ ಮಜ್ಜಿಗೆ ಅನ್ನ ಕಲಸುತ್ತಿದ್ದರೆ ನೀವು ಕೈ ಒಣಗಿಸಿಕೊಂಡು ಕೂತಿರಬೇಕು. ಕೊನೆಯವರದೂ ಮುಗಿದ ಮೇಲೆ ನೂರಿಪ್ಪತ್ತು ಜನ ಒಟ್ಟಿಗೇ ಎದ್ದು ಹನ್ನೆರಡು ನಲ್ಲಿಗೆ ನುಗ್ಗುತ್ತಾರೆ. ಮೊದಲ ಪಂಕ್ತಿಗೆ ಗರುಡಗಂಬ ಜೋರಾಗಿ ಸುರಿಯುತ್ತಿತ್ತು. ಎರಡನೆಯದಕ್ಕೆ ನೀರಿನ ಮಟ್ಟ ಇಳಿದು ಸಪ್ಪೆ. ಮೂರನೆಯದಕ್ಕೆ ನಲ್ಲಿ ಮೂಗು ಸೋರಿದ ಹಾಗೆ ಸೋರುತ್ತಿತ್ತು. ಹಿಂದಿನ ಮಾಘದಲ್ಲಿ ಒಂದು ಮದುವೆಯ ಬೀಗರು ಕೈಗೆ ನೀರಿಲ್ಲದೆ ಕಂಬಕ್ಕೆ ಕೈ ಒರೆಸಿ, ಹೆಣ್ಣಿನ ಕಡೆಯವರಿಗೆ ಮುಖ ಸಿಂಡರಿಸಿ, ತಾಂಬೂಲ ಕೂಡ ತೆಗೆದುಕೊಳ್ಳದೆ ಹೊರಟುಹೋದರು. ಈಗ ವೈಶಾಖದಲ್ಲಿ ಗಿರಿಜಾಂಬಾ ಅವರ ಸ್ವಂತ ಮೊಮ್ಮಗಳು ಕೋಕಿಲಾಳ ಮದುವೆ. ಗಂಡಿನವರು ಮಲ್ಲೇಶ್ವರದವರು, ಶಿಸ್ತಿನ ಜನ.

"ಅಂಜನಪ್ಪ, ನನ್ನ ಮೊಮ್ಮಗಳ ಮದುವೇಲಿ ಯಾರೂ ಕಂಬಕ್ಕೆ ಕೈ ಒರೆಸ್ಬಾರ್ದು ಕಣಪ್ಪ" ಅಂದರು ಗಿರಿಜಾಂಬಾ.

"ಅದಕ್ಕೇನಂತೆ, ತೊಟ್ಟೀನ ಇನ್ನೂ ಎಂಟಡಿ ಎತ್ತರ್ಸಿದ್ರಾಯ್ತು" ಅಂದರು ಪಕ್ಕದಲ್ಲಿ ಕೂತಿದ್ದ ಮೇಷ್ಟರು. "ಎರಡರಷ್ಟು ಎತ್ತರ, ಎರಡರಷ್ಟು ನೀರು."

ಅಂಜನಪ್ಪ ತಲೆ ಕೆರೆದುಕೊಂಡ. "ಬರಲ್ಲ ಮೇಷ್ಟ್ರೇ. ನೀರು ಎರಡರಷ್ಟು ಬರ್ಬೇಕಾದ್ರೆ ಎತ್ತರ ನಾಲ್ಕರಷ್ಟು ಆಗ್ಬೇಕು. ನಾನು ಓದಿಲ್ಲ, ಆದ್ರೆ ಚೊಂಬು ಹಿಡಿದು ನೋಡಿದೀನಿ."

ಮೇಷ್ಟರು ಬಾಯಿ ತೆರೆದರು. ಮನಸ್ಸಿನಲ್ಲೇ ಏನೋ ವರ್ಗಮೂಲ ತೆಗೆದರು. ಬಾಯಿ ಮುಚ್ಚಿದರು. ಆ ಹತ್ತು ಕ್ಷಣದಲ್ಲಿ ಅವರಿಗೆ ಆದ ಸಂಕಟ ನೋಡಿ ಗಿರಿಜಾಂಬಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಅಂಜನಪ್ಪ ಬಾಯಲ್ಲಿ ಹೇಳಿ ಸುಮ್ಮನಾಗುವ ಜಾತಿಯವನಲ್ಲ. ಹಿತ್ತಲಲ್ಲಿ ಒಂದು ಉದ್ದನೆಯ ಎಣ್ಣೆ ಡಬ್ಬ ಇಟ್ಟ. ಪಕ್ಕದಲ್ಲಿ ಇಟ್ಟಿಗೆ ಪೇರಿಸಿ ಅದರ ಮೇಲೊಂದು ಅಗಲವಾದ ಕೊಪ್ಪರಿಗೆ ಇಟ್ಟ. ಎರಡಕ್ಕೂ ಒಂದೇ ಮಟ್ಟಕ್ಕೆ ನೀರು ತುಂಬಿ, ಎರಡರಿಂದಲೂ ಒಂದೊಂದು ರಬ್ಬರ್ ಟ್ಯೂಬು ನೆಲದವರೆಗೆ ಇಳಿಬಿಟ್ಟ. "ಎಣಿಸಿ ಮೇಷ್ಟ್ರೇ" ಅಂದ. ಮೊದಲ ಚೊಂಬು ಎರಡು ಕಡೆಯೂ ಒಂದೇ ಎಣಿಕೆಗೆ ತುಂಬಿತು. ಎಂಟನೇ ಚೊಂಬಿನ ಹೊತ್ತಿಗೆ ಡಬ್ಬದ ನೀರು ತಳಕ್ಕೆ ಇಳಿದು, ಟ್ಯೂಬಿನಿಂದ ತೊಟ್ಟಿಕ್ಕುತ್ತಿತ್ತು. ಕೊಪ್ಪರಿಗೆಯಲ್ಲಿ ನೀರು ಎರಡು ಬೆರಳು ಕೂಡ ಇಳಿದಿರಲಿಲ್ಲ. ಮೊದಲ ಚೊಂಬಿಗೆ ಇದ್ದ ಜೋರೇ ಎಂಟನೆಯದಕ್ಕೂ ಇತ್ತು.

"ಎತ್ತರ ಬೇಕು, ಸರಿ. ಆದ್ರೆ ನೀರು ಎತ್ತರವಾಗಿ ನಿಂತ್ರೆ ಸಾಲ್ದು, ಇಳೀತಾ ಇಳೀತಾ ಜೋರು ಹೋಗ್ಬಿಡ್ತದೆ. ತೊಟ್ಟೀನೇ ಎತ್ತರದಲ್ಲಿ ಕೂರಿಸ್ಬೇಕು. ಆಳ ಕಮ್ಮಿ, ಅಗಲ ಜಾಸ್ತಿ. ತಾರಸಿ ಮೇಲೆ ಕಟ್ತೀನಿ ಅಮ್ಮಾವ್ರೇ, ಎರಡು ಗೋಡೆ ಸೇರೋ ಮೂಲೇಲಿ. ಪೈಪೂ ದಪ್ಪಂದು ಹಾಕ್ತೀನಿ" ಅಂದ ಅಂಜನಪ್ಪ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮೇಷ್ಟರ ಮುಖದ ಮೇಲಿನ ಅನುಮಾನ ನೋಡಿ ಅವನಿಗೆ ರೇಗಿತು. "ಕೊನೇ ಪಂಕ್ತಿ, ಕೊನೇ ನಲ್ಲಿ, ಕೊನೇ ಕೈಗೆ ನೀರಿನ ಜೋರು ಒಂದು ಚೂರು ಕಮ್ಮಿ ಆದ್ರೂ ಈ ಅಂಜನಪ್ಪ ಚಾಮರಾಜಪೇಟೇಲಿ ಇನ್ನು ರೆಂಚು ಹಿಡಿಯಲ್ಲ!"

ಹೆಂಡತಿ ಗಂಗರತ್ನಮ್ಮ ಸಂಜೆ ಇದನ್ನು ಕೇಳಿ ಹಣೆ ಚಚ್ಚಿಕೊಂಡಳು. "ನಾಲಿಗೆಗೆ ಒಂದು ನಲ್ಲಿ ಹಾಕ್ಕೊಳ್ಳಿ ಮೊದಲು. ಅರ್ಧ ಕೆಲಸ ಚಾಮರಾಜಪೇಟೇಲೇ ಸಿಗೋದು, ಅಲ್ಲಿ ರೆಂಚು ಕೆಳಗಿಟ್ರೆ ಏನ್ ಮಾಡ್ತೀರ?"

ಆದರೂ ಅವಳೇ ಅಳತೆಗೆ ನಿಂತಳು. ಒಂದು ಕೈಗೆ ಎಷ್ಟು ನೀರು ಬೇಕು ಅನ್ನುವುದು ಗೊತ್ತಾದರೆ ತಾನೇ ತೊಟ್ಟಿ ಎಷ್ಟು ದೊಡ್ಡದು ಅಂತ ಗೊತ್ತಾಗುವುದು? ಭಾನುವಾರ ಅಕ್ಕಪಕ್ಕದ ಇಪ್ಪತ್ತು ಜನಕ್ಕೆ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಎಲ್ಲರೂ ಎದ್ದು ಸಾಲಾಗಿ ನಿಂತು ಚೊಂಬಿನಲ್ಲಿ ಅಳೆದ ನೀರಲ್ಲೇ ಕೈ ತೊಳೆದರು. ತಲೆಗೆ ಅರ್ಧ ಚೊಂಬು. ನಿಖರವಾಗಿ ಅರ್ಧ ಚೊಂಬು! ಅಂಜನಪ್ಪ ಕುಣಿದಾಡಿಬಿಟ್ಟ. ಪಂಕ್ತಿಗೆ ಅರವತ್ತು ಚೊಂಬು, ನಾಲ್ಕು ಪಂಕ್ತಿ. ಮೂರೂವರೆ ಅಡಿ ಉದ್ದ, ಮೂರಡಿ ಅಗಲ, ಒಂದಡಿ ಆಳ ಸಾಕು. ಮಾರನೆಯ ದಿನವೇ ಛತ್ರದ ತಾರಸಿಯ ಮೇಲೆ ತೊಟ್ಟಿ ಹೊರುವ ಇಟ್ಟಿಗೆ ಕಂಬಗಳನ್ನು ಎಬ್ಬಿಸಲು ಶುರುಮಾಡಿದ.

ಕಂಬ ಎದೆಮಟ್ಟ ಬಂದ ದಿನ ಗಂಗರತ್ನಮ್ಮ ಗಂಡನಿಗೆ ಬುತ್ತಿ ತಂದಳು. ಒಳಗೆ ಕೋಕಿಲಾಳ ನಿಶ್ಚಿತಾರ್ಥ ಮುಗಿದಿತ್ತು. ಗಿರಿಜಾಂಬಾ ಗಂಗರತ್ನಮ್ಮನನ್ನು ಕರೆದು ಎಲೆಯ ತುಂಡಿನಲ್ಲಿ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು ಕೊಟ್ಟರು. ಅವಳು ಹಿತ್ತಲಲ್ಲಿ ನಿಂತು ತಿಂದಳು, ಬಕೆಟಿನ ನೀರಲ್ಲಿ ಕೈ ತೊಳೆದಳು. ಮತ್ತೆ ತೊಳೆದಳು. ಇನ್ನೊಂದು ಸಲ ತೊಳೆದಳು. ತಾರಸಿಯ ಮೆಟ್ಟಿಲು ಹತ್ತಿ ಬಂದು ಗಂಡನ ಮೂಗಿಗೆ ಅಂಗೈ ಹಿಡಿದಳು.

"ಇನ್ನೂ ಜಾರ್ತಿದೆ ನೋಡಿ. ಆಗ್ಲೇ ಒಂದು ಚೊಂಬು ಹಾಕಿದೀನಿ. ನೀವು ಅಳ್ದಿದ್ದು ನಮ್ ಕೈಯನ್ನ ಕಣ್ರೀ. ಮದುವೆ ಊಟ ಮಾಡೋರ್ ಕೈಯನ್ನಲ್ಲ!"

ಅಂಜನಪ್ಪ ಕರಣೆ ಕೆಳಗಿಟ್ಟು ಕಂಬದ ಬುಡದಲ್ಲಿ ಕೂತುಬಿಟ್ಟ. ಮೂವತ್ತು ವರ್ಷ ನೀರಿನ ಜೊತೆ ಬದುಕಿದವನಿಗೆ ತುಪ್ಪ ನೆನಪಾಗಲಿಲ್ಲ. ಯಾಕೆ ನೆನಪಾಗಬೇಕು? ಛತ್ರದಲ್ಲಿ ಎಲೆ ಮುಂದೆ ಕೂತು ಉಂಡು, ಎದ್ದು, ನಲ್ಲಿಗೆ ಕೈ ಒಡ್ಡಿದವನೇ ಅಲ್ಲವಲ್ಲ ಅವನು. ನಾಚಿಕೆಯಿಂದ ಅವನ ಕಿವಿ ಕೆಂಪಾದವು. ಸುಮ್ಮನೆ ಮುಂದುವರಿಸಿ ದೇವರ ಮೇಲೆ ಭಾರ ಹಾಕಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿಯೂ ಅನ್ನಿಸಿತು. ಆದರೆ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕೆಳಗಿಳಿದು ಹೋಗಿ ನೇರವಾಗಿ ಹೇಳಿದ. "ಅಮ್ಮಾವ್ರೇ, ತಪ್ಪಾಗೋಯ್ತು. ನನ್ ಅಳತೆ ಮುದ್ದೆ ಅಳತೆ. ಹೋಳಿಗೆಗೆ ಸಾಲ್ದು. ಕಂಬ ಕಿತ್ತು ಮತ್ತೆ ಕಟ್ತೀನಿ."

ಮೇಷ್ಟರು ಕನ್ನಡಕ ತೆಗೆದು ಒರೆಸಿದರು. ಇಷ್ಟು ದಿನ ಕಾದಿದ್ದ ಗಳಿಗೆ ಬಂದಿತ್ತು. ಗೆದ್ದವರ ಹಾಗೆ ಗಂಟಲು ಸರಿಮಾಡಿಕೊಂಡರು. ಆದರೆ ಅವರ ಬಾಯಿಂದ ಬಂದದ್ದು ಬೇರೆ. "ಸ್ಯಾಂಪಲ್ಲೇ ತಪ್ಪು ಕಣಯ್ಯ. ವಿಧಾನ ಸರಿಯಾಗಿದೆ. ಇನ್ನೊಂದ್ಸಲ ಅಳೀಬೇಕು, ಸರಿಯಾದ ಊಟ ಹಾಕಿ."

"ಹಾಗಾದ್ರೆ ನಿಮ್ಮವರನ್ನೆಲ್ಲ ಕರ್ಕೊಂಡು ಬಾ" ಅಂದುಬಿಟ್ಟರು ಗಿರಿಜಾಂಬಾ.

ಮುಂದಿನ ಭಾನುವಾರ ಮಾವಳ್ಳಿಯಿಂದ ಆ ಇಪ್ಪತ್ತು ಜನವೇ ಬಂದರು, ಬಿಳಿ ಬಟ್ಟೆ ಹಾಕಿಕೊಂಡು. ಹಜಾರಕ್ಕೆ ಸುಣ್ಣ ಹೊಡೆಯುತ್ತಿದ್ದರಿಂದ ಹಿತ್ತಲ ಜಗುಲಿಯ ಮೇಲೆ ಎಲೆ ಬಿತ್ತು. ತುಪ್ಪ ಬಡಿಸಿದವರು ಯಾರು ಅಂತೀರಿ? ಸಾಕ್ಷಾತ್ ಮೇಷ್ಟರು. ಅಂಜನಪ್ಪನ ಸೋದರಮಾವ ದೊಡ್ಡಬೈರಪ್ಪ ಊಟದಲ್ಲಿ ಯಾರಿಗೂ ಸೋತವನಲ್ಲ. ಅವನು ಗಂಭೀರವಾಗಿ ಹೇಳಿದ: "ಸ್ವಾಮಿ, ಲೆಕ್ಕ ಸರಿ ಬರ್ಬೇಕು ಅಂದ್ರೆ ತುಪ್ಪ ಇನ್ನೂ ಧಾರಾಳವಾಗಿ ಬೀಳ್ಬೇಕು." ಮೇಷ್ಟರು ಲೆಕ್ಕಕ್ಕಾಗಿ ಬಡಿಸಿದರು. ದೊಡ್ಡಬೈರಪ್ಪ ಲೆಕ್ಕಕ್ಕಾಗಿ ಒಂಬತ್ತು ಹೋಳಿಗೆ ತಿಂದ. ಎದ್ದು ಕೈ ತೊಳೆಯುವಾಗ ಒಂದು ಕಡೆ ಅಂಜನಪ್ಪ ಚೊಂಬು ಹಿಡಿದು ಸುರಿಯುವುದು, ಇನ್ನೊಂದು ಕಡೆ ಮೇಷ್ಟರು ಪಂಚಾಂಗದ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯುವುದು. ತಲೆಗೆ ಒಂದೂವರೆ ಚೊಂಬು, ಕಡಲೆಹಿಟ್ಟು ಹಚ್ಚಿದರೂ ಅಷ್ಟೇ. ದೊಡ್ಡಬೈರಪ್ಪನಿಗೆ ಮಾತ್ರ ಮೂರು. ಅವನನ್ನು ಲೆಕ್ಕದಿಂದ ಬಿಡಬೇಕೋ ಸೇರಿಸಬೇಕೋ ಅಂತ ಇಬ್ಬರೂ ಜಗಳವಾಡಿದರು. "ಮದುವೆ ಅಂದ್ಮೇಲೆ ಇಂಥೋರು ಪಂಕ್ತಿಗೆ ನಾಲ್ಕು ಜನ ಇದ್ದೇ ಇರ್ತಾರೆ" ಅಂತ ಗಿರಿಜಾಂಬಾ ತೀರ್ಪು ಕೊಟ್ಟರು, ಸೇರಿಸಿದರು.

ಪಂಕ್ತಿಗೆ ಇನ್ನೂರು ಚೊಂಬು. ಮೇಷ್ಟರೂ ಅಂಜನಪ್ಪನೂ ತಲೆಗೆ ತಲೆ ಕೊಟ್ಟು ಕೂತು ಹೊಸ ತೊಟ್ಟಿ ಗೊತ್ತುಮಾಡಿದರು: ಆರಡಿ ಉದ್ದ, ಐದಡಿ ಅಗಲ, ಒಂದೂವರೆ ಅಡಿ ಆಳ. ಒಂದು ಪಂಕ್ತಿ ಎದ್ದರೆ ತೊಟ್ಟಿಯಲ್ಲಿ ನೀರು ಮೂರು ಅಂಗುಲ ಇಳಿಯಬೇಕು, ಅಷ್ಟೇ. ನಾಲ್ಕು ಪಂಕ್ತಿಗೆ ಹನ್ನೆರಡು ಅಂಗುಲ. ಆರು ಅಂಗುಲ ಮಿಕ್ಕುತ್ತದೆ. ಹಳೆಯ ಕಂಬ ಕಿತ್ತು ದಪ್ಪ ಕಂಬ ಬಂತು. ಮದುವೆಗೆ ಮೂರು ದಿನ ಇರುವಾಗ ಹೊಸ ತೊಟ್ಟಿ ಒಂದು ಹನಿ ಸೋರದೆ ತುಂಬಿ ನಿಂತಿತು. ಅಂಜನಪ್ಪ ಒಂದು ಬಿದಿರು ಕಡ್ಡಿಗೆ ಅಂಗುಲದ ಗೆರೆ ಕೊರೆದು ನೀರಲ್ಲಿ ನಿಲ್ಲಿಸಿದ.

ಮದುವೆಯ ದಿನ ಮಧ್ಯಾಹ್ನ ಅವನು ಕಡ್ಡಿಯ ಪಕ್ಕದಲ್ಲೇ, ಬಿಸಿಲಲ್ಲಿ, ತಲೆಗೆ ಟವೆಲು ಸುತ್ತಿಕೊಂಡು ಕೂತಿದ್ದ. ಕೆಳಗೆ ಓಲಗ. ಮೊದಲ ಪಂಕ್ತಿ ಎದ್ದ ಸದ್ದು ಕೇಳಿತು, ನೂರಿಪ್ಪತ್ತು ಜನರ ಕಾಲಿನ ಸದ್ದು. ಪೈಪು ಗುಂಯ್ ಅಂದಿತು. ಕಡ್ಡಿ ನೋಡಿದ. ಒಂದು ಅಂಗುಲ. ಎರಡು. ಮೂರು. ಸರಿ, ಇನ್ನು ನಿಲ್ಲಬೇಕು. ನಿಲ್ಲಲಿಲ್ಲ. ನಾಲ್ಕಕ್ಕೆ ಹೋಗಿ ನಿಂತಿತು.

ಅವನು ಧಡಕ್ಕನೆ ಎದ್ದ. ಮೆಟ್ಟಿಲಿಂದ ಇಣುಕಿ ಗಂಗರತ್ನಮ್ಮನನ್ನು ಕೂಗಿದ. ಅವಳು ಎಲೆ ಎತ್ತುವವರ ಜೊತೆ ಸೇರಿದ್ದಳು. "ಏನ್ ಬಡಿಸ್ತಿದಾರೆ?"

"ಸೀಕರಣೆ! ಮಾವಿನಹಣ್ಣು ಅಗ್ಗವಾಗಿ ಸಿಕ್ತಂತೆ, ಅಡುಗೆ ಭಟ್ರು ಕೊಳದಪ್ಪಲೆ ತುಂಬ ಮಾಡ್ಬಿಟ್ಟಿದಾರೆ. ಎಲ್ರದೂ ಮೊಣಕೈವರ್ಗೂ ಇಳೀತಿದೆ!"

ತುಪ್ಪದ ಮೇಲೆ ಮಾವು! ಯಾವ ಚೊಂಬಿಗೆ ಹೇಳಿಕೊಳ್ಳುವುದು ಈ ಕಷ್ಟವನ್ನು? ಬೀದಿಯ ನಲ್ಲಿಯಲ್ಲಿ ನೀರು ಬರುವುದು ಇನ್ನು ನಾಳೆ ಬೆಳಗ್ಗೆಯೇ. ಎರಡನೆಯ ಪಂಕ್ತಿ, ನಾಲ್ಕು ಅಂಗುಲ. ಮೂರನೆಯದು, ನಾಲ್ಕು. ಅಂಜನಪ್ಪ ಬೆರಳು ಮಡಚಿ ಮಡಚಿ ಎಣಿಸಿದ. ನಾಲ್ಕು ನಾಲ್ಕಲೆ ಹದಿನಾರು. ಹದಿನೆಂಟರಲ್ಲಿ ಹದಿನಾರು ಹೋದರೆ ಎರಡು. ಸಾಕು. ಬಾಳೆಎಲೆಯಷ್ಟು ತೆಳ್ಳಗೆ ಸಾಕು. ನಾಲ್ಕನೆಯ ಪಂಕ್ತಿ ಎದ್ದು, ಪೈಪು ಗುಂಯ್ಗುಟ್ಟಿ, ಸುಮ್ಮನಾಯಿತು. ಕಡ್ಡಿಯ ಬುಡದಲ್ಲಿ ಎರಡು ಗೆರೆ ನೀರಲ್ಲಿ ಉಳಿದಿದ್ದವು. ಕೆಳಗಿಂದ ಮೇಷ್ಟರ ಗಂಟಲು ಕೇಳಿತು: "ಲೋ ಅಂಜನಪ್ಪಾ! ಬೀಗರು ಮೊಣಕೈ ತೊಳೆದ್ರು ಕಣೋ! ಎರಡೆರಡು ಸಲ ತೊಳೆದ್ರು! ಹನ್ನೆರಡನೇ ನಲ್ಲೀಲಿ ನಾನೇ ನಿಂತು ಎಣಿಸ್ದೆ, ಮೊದಲ ಪಂಕ್ತಿಗೆ ಎಷ್ಟೋ ಅಷ್ಟೇ!"

ಅಂಜನಪ್ಪ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. ಗೆದ್ದೆ ಅಂದುಕೊಂಡ. ರೆಂಚು ಚೀಲಕ್ಕೆ ಹಾಕಿ, ಎಂದಿನ ಹಾಗೆ ಹಿತ್ತಲ ಬಾಗಿಲ ಕಡೆ ಇಳಿದ. ಅಲ್ಲಿ ಗಿರಿಜಾಂಬಾ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ಎಲ್ಲಿಗೆ? ಒಳಗೆ ಎಲೆ ಹಾಕ್ಸಿದೀನಿ. ಕೊನೇ ಪಂಕ್ತಿ."

"ಮುಗೀತಲ್ಲ ಅಮ್ಮಾವ್ರೇ, ನಾಲ್ಕೂ."

"ಐದನೇದು ಯಾರ್ದು ಮತ್ತೆ? ಭಟ್ರು, ಓಲಗದೋರು, ಬಡಿಸಿದ ಹುಡುಗ್ರು, ಎಲೆ ಎತ್ತಿದೋರು, ನೀನು, ನಿನ್ ಹೆಂಡ್ತಿ. ಮೂವತ್ತು ಎಲೆ. ನೀವೆಲ್ಲ ಉಪವಾಸ ಇರ್ತೀರಾ?"

ಅಂಜನಪ್ಪ ಚೀಲ ಕೆಳಗಿಟ್ಟ. ಅತಿಥಿಗಳ ಕೈಯನ್ನೆಲ್ಲ ಅಳೆದಿದ್ದ, ದೊಡ್ಡಬೈರಪ್ಪನ ಕೈಯನ್ನೂ ಅಳೆದು ಸೇರಿಸಿದ್ದ. ದುಡಿದವರೂ ಇದೇ ಹಜಾರದಲ್ಲಿ ಉಂಡು ಇದೇ ನಲ್ಲಿಗೆ ಬರುತ್ತಾರೆಂದು ಅವನ ಲೆಕ್ಕದಲ್ಲಿ ಒಂದು ಚೊಂಬು ನೀರನ್ನೂ ಇಟ್ಟಿರಲಿಲ್ಲ. "ತೊಟ್ಟೀಲಿ ಎರಡೇ ಅಂಗುಲ ಉಳ್ದಿರೋದು. ನಾವು ಹಿತ್ತಲಲ್ಲಿ ಬಕೆಟ್ಟಲ್ಲಿ ತೊಳ್ಕೊಂಡ್ಬಿಡ್ತೀವಿ ಅಮ್ಮಾವ್ರೇ, ಏನೂ ಬೇಜಾರಿಲ್ಲ" ಅಂದ.

"ನಂಗಿದೆ ಬೇಜಾರು" ಅಂದರು ಗಿರಿಜಾಂಬಾ. "ನಡಿ ಒಳಗೆ."

ಸುಣ್ಣ ಹೊಡೆದ ಹಜಾರದಲ್ಲಿ ಅವನು ಚಕ್ಕಳಮಕ್ಕಳ ಹಾಕಿ ಕೂತ. ಪಕ್ಕದಲ್ಲಿ ಗಂಗರತ್ನಮ್ಮ. ಬಡಿಸಿದ್ದು ಹೊಸ ಮದುಮಗಳು ಕೋಕಿಲಾ, ಬಾಸಿಂಗದ ಗುರುತು ಹಣೆಯ ಮೇಲೆ ಇನ್ನೂ ಇದ್ದ ಹಾಗೆಯೇ. ಹೋಳಿಗೆ, ತುಪ್ಪ, ಸೀಕರಣೆ. ಅಂಜನಪ್ಪ ತಿಂದ, ಐದು ಹೋಳಿಗೆ ತಿಂದ. ಎಲ್ಲರದೂ ಮುಗಿಯಲಿ ಅಂತ ಕಾದು ಎಲ್ಲರ ಜೊತೆ ಎದ್ದ. ಸಾಲಿನ ಹಿಂದೆ ನಿಂತ. ಮುಂದಿನವರು ಒಬ್ಬೊಬ್ಬರಾಗಿ ತೊಳೆದು ಹೋಗುತ್ತಿದ್ದರೆ ಅವನ ಕಣ್ಣು ನೀರಿನ ಮೇಲೆಯೇ. ಈಗ ನಿಲ್ಲುತ್ತದೆ, ಈಗ ಸಣ್ಣಗಾಗುತ್ತದೆ. ಹನ್ನೆರಡನೇ ನಲ್ಲಿಗೆ ಬಂದ. ಅಂಟು ಕೈ ಒಡ್ಡಿದ. ನೀರು ಧಡ್ ಅಂತ ಬಂದು ಅಂಗೈಗೆ ಬಡಿಯಿತು, ಮುಖಕ್ಕೆ ಹಾರಿತು.

ಆಗ ಹೊಳೆಯಿತು ಆ ಪೆದ್ದನಿಗೆ. ಎರಡು ಅಂಗುಲ ಇರಲಿ, ಹದಿನೆಂಟು ಅಂಗುಲ ಇರಲಿ, ತೊಟ್ಟಿ ಕೂತ ಎತ್ತರ ಎಲ್ಲಿಗೆ ಹೋಗುತ್ತದೆ? ಒಳಗೆ ನೀರು ಇರುವವರೆಗೆ ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಜೋರು. ಅದಕ್ಕೆಂದೇ ಅಲ್ಲವೇ ಹಾಗೆ ಕಟ್ಟಿದ್ದು! ಕಟ್ಟಿದವನೇ ತನಗೂ ಅದು ಸಲ್ಲುತ್ತದೆ ಅಂತ ನಂಬಿರಲಿಲ್ಲ. ಅವನು ಕೈ ತೊಳೆದ, ಮತ್ತೆ ತೊಳೆದ, ಎಣಿಸುವುದನ್ನು ಮರೆತು ಮೊಣಕೈವರೆಗೆ ನೀರು ಬಿಟ್ಟುಕೊಂಡು ಮಗುವಿನ ಹಾಗೆ ನಗುತ್ತ ನಿಂತುಬಿಟ್ಟ.

ಹಿಂದಿನಿಂದ ಗಂಗರತ್ನಮ್ಮ ಅವನ ಬೆನ್ನಿಗೆ ಮೊಣಕೈಯಲ್ಲಿ ತಿವಿದಳು.

"ಸಾಕು ಬಿಡಿ, ಆ ಕಡೆ ಸರೀರಿ. ನಿಮ್ಮ ಹಿಂದೆ ನಾನಿನ್ನೂ ಇದೀನಿ."

ಅವನು ಸರಿದ. ಅವಳು ಎರಡೂ ಕೈ ಒಡ್ಡಿದಳು, ನೀರು ಅಷ್ಟೇ ಜೋರಾಗಿ ಬಂತು.